ಹದಿನೆಂಟು ನಿಮಿಷದ ಗಟ್ಟಿಮೇಳ

ಮದುವೆ ಮನೆಯಲ್ಲಿ ವಿಡಿಯೊ ತೆಗೆಯುವವನೂ ವಾಲಗದವರೂ ಒಂದೇ ಜಾತಿ. ಇಬ್ಬರಿಗೂ ಊಟ ಕೊನೇ ಪಂಕ್ತಿಯಲ್ಲಿ. ಇಬ್ಬರನ್ನೂ ಎಲ್ಲರೂ ಕರೆಯುತ್ತಾರೆ, ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನನ್ನನ್ನು 'ಏ ವಿಡಿಯೊ' ಅನ್ನುತ್ತಾರೆ, ಅವರನ್ನು 'ಏ ವಾಲಗ'. ಹೊಸನಗರದಲ್ಲಿ ಸ್ಟುಡಿಯೊ ಇಟ್ಟು ಇಪ್ಪತ್ತೊಂದು ವರ್ಷವಾಯಿತು. ನನ್ನ ಹೆಸರು ಜಿನೇಶ್ ಎಂದು ಗೊತ್ತಿರುವವರು ಮದುವೆ ಮನೆಗಳಲ್ಲಿ ಹತ್ತು ಜನ ಸಿಕ್ಕರೆ ಹೆಚ್ಚು. ಅದಕ್ಕೆ ನನಗೆ ಬೇಜಾರಿಲ್ಲ. ಮಾಸ್ತಪ್ಪನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ, ಅದಕ್ಕೆ ಸಿಟ್ಟಿದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ತಪ್ಪ ಬಟ್ಟೆಮಲ್ಲಪ್ಪದ ಸೀತಾರಾಮಪ್ಪನವರ ಮೇಳದ ಡೋಲಿನವನು. ಮೇಳ ಎಂದರೆ ಮನೆಮಂದಿಯೇ. ಅಣ್ಣ ಸೀತಾರಾಮಪ್ಪನದು ನಾಗಸ್ವರ, ಅಣ್ಣನ ಮಗ ನಿರಂಜನನದು ಸ್ಯಾಕ್ಸೊಫೋನ್, ಮಾಸ್ತಪ್ಪನ ಮಗಳು ಭವ್ಯಾಳದು ತಾಳ ಮತ್ತು ಶ್ರುತಿಪೆಟ್ಟಿಗೆ. ನಾಲ್ಕು ಜನ, ಒಂದು ಹಳೇ ಓಮ್ನಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಇವರ ವಾಲಗ ಕೇಳದ ಛತ್ರವಿಲ್ಲ. ಮೊದಲು ಇವರು ಬಸ್ಸಿನ ಟಾಪಿನ ಮೇಲೆ ಡೋಲು ಕಟ್ಟಿಕೊಂಡು ಹೋಗುತ್ತಿದ್ದರು. ಆಗ ತಾಳಿ ಕಟ್ಟಿಸಿಕೊಂಡವರ ಮಕ್ಕಳ ಮದುವೆಗೂ ಈಗ ಇವರೇ ಬರುತ್ತಾರೆ. ಮಾಸ್ತಪ್ಪನಿಗೆ ಐವತ್ತೊಂಬತ್ತಾಗಿದೆ.

ಈ ಮನುಷ್ಯ ಆರು ವರ್ಷ ಕಿವಿ ಕೇಳಿಸದೆ ಡೋಲು ಬಾರಿಸಿದ. ಪಕ್ಕದಲ್ಲೇ ಕೂತು ಊದುವ ಅಣ್ಣನಿಗೂ ಅದು ಗೊತ್ತಿರಲಿಲ್ಲ. ಗೊತ್ತಾದ ದಿನ ಡೋಲು ಅಟ್ಟ ಸೇರುತ್ತದೆ, ತಾನು ಮನೆ ಸೇರುತ್ತೇನೆ ಎಂದು ಮಾಸ್ತಪ್ಪ ಖಾತ್ರಿಯಾಗಿ ನಂಬಿದ್ದ. ಅವನ ಆರು ವರ್ಷದ ಬದುಕೆಲ್ಲ ಆ ದಿನವನ್ನು ಮುಂದೆ ಹಾಕುವುದರಲ್ಲೇ ಹೋಯಿತು.

ಇವರದು ವಾಲಗದ ಮನೆತನವಲ್ಲ, ಗದ್ದೆ ಮನೆತನ. ಗೇಣಿಗೆ ಮಾಡುತ್ತಿದ್ದ ಭೂಮಿ ಸ್ವಂತದ್ದಾದ ಮೇಲೆ ಇವರಪ್ಪ ಸ್ವಲ್ಪ ತಲೆಯೆತ್ತಿ ನಡೆಯತೊಡಗಿದ್ದ. ಹಿರೇಮಗಳ ಮದುವೆಗೆ ಒಂದು ಮೇಳವನ್ನು ಗೊತ್ತು ಮಾಡಿದ. ಅದೇ ದಿನ ಇನ್ಯಾರೋ ದೊಡ್ಡ ಮನೆಯವರು ಕರೆದರೆಂದು ಆ ಮೇಳ ಅಲ್ಲಿಗೆ ಹೋಯಿತು. ಮುಹೂರ್ತದ ಹೊತ್ತಿಗೆ ಇವರ ಮನೆಯ ಹೆಂಗಸರು ತಟ್ಟೆ ತಂಬಿಗೆ ಬಡಿದು ಸದ್ದು ಮಾಡಬೇಕಾಯಿತು. ಅಪ್ಪನಿಗೆ ಆ ಅವಮಾನ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮಾರನೇ ತಿಂಗಳೇ ಇಬ್ಬರು ಗಂಡುಮಕ್ಕಳನ್ನು ಸಾಗರದ ಒಬ್ಬ ವಾಲಗದ ಮುದುಕನ ಮನೆಯಲ್ಲಿ ಬಿಟ್ಟು ಬಂದ. ದೊಡ್ಡವನಿಗೆ ಎದೆ ಅಗಲ, ಊದಲಿ. ಚಿಕ್ಕವನಿಗೆ ಹಠ ಜಾಸ್ತಿ, ಬಡಿಯಲಿ. ಕಲಿಕೆಯ ಪಾಲು ಹೀಗೆ ಆಯಿತು.

ಆ ಮುದುಕ ಮೊದಲ ಆರು ತಿಂಗಳು ಮಾಸ್ತಪ್ಪನಿಗೆ ಡೋಲು ಮುಟ್ಟಲು ಕೊಡಲಿಲ್ಲವಂತೆ. ಕೂರುವ ಮಣೆ ಕೊಟ್ಟು ಅದರ ಮೇಲೆ ಕುಟ್ಟಿಸಿದನಂತೆ. ಕಣ್ಣು ಮಣೆಯ ಮೇಲೆ ಹೋದರೆ ತಲೆಗೆ ಒಂದು ಮೊಟಕು. "ಮಣೆ ಎಲ್ಲೂ ಓಡಿ ಹೋಗಲ್ಲ ಕಣಾ, ಊದೋನನ್ನ ನೋಡು" ಅನ್ನುತ್ತಿದ್ದನಂತೆ. ಹೀಗೆ ಮಾಸ್ತಪ್ಪ ತನ್ನ ಕೈಯನ್ನು ನೋಡದೆ ಅಣ್ಣನ ಕೊರಳನ್ನೂ ಬೆರಳನ್ನೂ ನೋಡುತ್ತ ಬಾರಿಸಲು ಕಲಿತ. ಹೊಡೆತ ತಿಂದು ಕಲಿತದ್ದು ಸಾಯುವತನಕ ಇರುತ್ತದೆ.

ಡೋಲು ಬಾರಿಸುವುದನ್ನು ಹತ್ತಿರದಿಂದ ನೋಡದವರಿಗೆ ಅದರ ಕಷ್ಟ ಗೊತ್ತಾಗುವುದಿಲ್ಲ. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಬರೀ ಬೆರಳು. ಆ ಬೆರಳುಗಳಿಗೆ ಬಟ್ಟೆ ಸುತ್ತಿ, ಮೈದಾ ಅಂಟು ಹಚ್ಚಿ, ಬಿಸಿಲಲ್ಲಿ ಒಣಗಿಸಿದ ಗಟ್ಟಿ ಟೊಪ್ಪಿ ಹಾಕಿಕೊಳ್ಳುತ್ತಾರೆ. ಮಾಸ್ತಪ್ಪ ಅವನ್ನು ತಾನೇ ಮಾಡಿಕೊಳ್ಳುತ್ತಾನೆ. ಎರಡು ಗಂಟೆ ಬಾರಿಸಿ ಟೊಪ್ಪಿ ತೆಗೆದರೆ ಬೆರಳ ತುದಿ ನೀರಲ್ಲಿ ನೆನೆದ ಕಡಲೆಯ ಹಾಗೆ ಬೆಳ್ಳಗೆ ಸುಕ್ಕಾಗಿರುತ್ತದೆ. ಆ ಕೈಯಲ್ಲೇ ಅನ್ನ ಸಾರು ಕಲೆಸಿ ಉಂಡು, ಇನ್ನೊಂದು ಊರಿಗೆ ಹೊರಡುತ್ತಾನೆ.

ಗಟ್ಟಿಮೇಳವಂತೂ ಎಲ್ಲರಿಗೂ ಗೊತ್ತು. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗುತ್ತಾರೆ. ವಾಲಗದವರು ರಾಗ ತಾಳ ಎಲ್ಲ ಬಿಟ್ಟು, ಇದ್ದಬದ್ದ ಶಕ್ತಿ ಹಾಕಿ ಬಾರಿಸುತ್ತಾರೆ. ಒಂದೂವರೆ ನಿಮಿಷ, ಬಹಳವಾದರೆ ಎರಡು. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ, ಅತ್ತರೆ, ಕೆಟ್ಟ ಮಾತಾಡಿದರೆ ಅದು ತಾಳಿಗೆ ಬೀಳಬಾರದು ಎಂದು ಹಿರಿಯರು ಮಾಡಿಟ್ಟ ಏರ್ಪಾಡು ಇದು. ಮೂರು ಗಂಟು ಬೀಳುವತನಕ ಲೋಕದಲ್ಲಿ ಬೇರೆ ಮಾತೇ ಇರಬಾರದು. ಉಳಿದವರಿಗೆ ಇದು ಶಾಸ್ತ್ರ. ಮಾಸ್ತಪ್ಪನಿಗೆ ಇದು ಕೆಲಸ.

ಒಮ್ಮೆ ಮಂಡಗದ್ದೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಬೀಗರಿಗೆ ಜಟಾಪಟಿ ಆಯಿತು. ಮೊದಲು ಯಾರು ಕೂರಬೇಕು, ಪಾಯಸ ಯಾರ ಎಲೆಗೆ ಮೊದಲು ಬಿತ್ತು ಎಂಬಂಥ ಘನಂದಾರಿ ವಿಷಯ. ಅಜ್ಜ ಮುತ್ತಜ್ಜಂದಿರ ಹೆಸರು ಎಳೆಯುವತನಕ ಹೋಯಿತು. ಒಬ್ಬನೇ ಕೂತು ಎಲೆಯಡಿಕೆ ಹಾಕುತ್ತಿದ್ದ ಮಾಸ್ತಪ್ಪ ಎದ್ದು, ಡೋಲು ಹೆಗಲಿಗೇರಿಸಿ, ಪಂಕ್ತಿಯ ನಡುವೆ ನಿಂತು ಗಟ್ಟಿಮೇಳ ಶುರುಮಾಡಿದ. ಬೈಗುಳ ಯಾರಿಗೂ ಕೇಳಲಿಲ್ಲ. ಎದುರಾಳಿಗೆ ಕೇಳದ ಬೈಗುಳಕ್ಕೆ ರುಚಿ ಇಲ್ಲ ನೋಡಿ, ಐದು ನಿಮಿಷದಲ್ಲಿ ಎಲ್ಲರೂ ಸುಮ್ಮನೆ ಕೂತು ಉಂಡರು. ನಾನು ಕ್ಯಾಮೆರಾ ಹಿಡಿದು ನಕ್ಕೂ ನಕ್ಕೂ ಆ ದೃಶ್ಯವೆಲ್ಲ ಅಲುಗಾಡಿಬಿಟ್ಟಿದೆ.

ಇಷ್ಟು ಒಳ್ಳೆಯ ಡೋಲಿನವನಿಗೆ ಭಯ ಯಾಕೆ ಎಂದರೆ, ಸೀತಾರಾಮಪ್ಪನ ಒಂದು ಕಟ್ಟಳೆ. ಗಟ್ಟಿಮೇಳ ತಪ್ಪಿದವನು ಈ ಮೇಳದಲ್ಲಿ ಇರಕೂಡದು. ಮೊದಲು ತಾಳ ಹಾಕುತ್ತಿದ್ದವನು ಇವರ ಚಿಕ್ಕಪ್ಪನ ಮಗ ರಾಜು. ಒಂದು ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಫೋನು ಹಿಡಿದು ಛತ್ರದ ಹೊರಗೆ ನಿಂತಿದ್ದ. ಗಟ್ಟಿಮೇಳ ತಾಳವಿಲ್ಲದೆ ಮುಗಿಯಿತು. ಸೀತಾರಾಮಪ್ಪ ಬಯ್ಯಲಿಲ್ಲ. ತಾಳವನ್ನು ಅವನ ಕೈಯಿಂದ ತೆಗೆದುಕೊಂಡು, "ನೀನು ಬಸ್ಸಿಗೆ ಹೋಗು" ಅಂದ. ಅಷ್ಟೇ. ರಾಜು ಈಗ ರಿಪ್ಪನ್‌ಪೇಟೆಯಲ್ಲಿ ಆಟೊ ಓಡಿಸುತ್ತಾನೆ. ಒಡಹುಟ್ಟಿದವನಂತೆ ಬೆಳೆದವನನ್ನೇ ಬಿಡದ ಅಣ್ಣ, ಗಟ್ಟಿಮೇಳದ ಕೂಗೇ ಕೇಳಿಸದ ತಮ್ಮನನ್ನು ಬಿಟ್ಟಾನೆಯೇ?

ನನಗೆ ವಿಷಯ ತಿಳಿದದ್ದು ನಾಲ್ಕು ವರ್ಷದ ಹಿಂದೆ, ಸಾಗರದ ಒಂದು ಛತ್ರದಲ್ಲಿ. ಮಾಸ್ತಪ್ಪನ ಬೆನ್ನು ನನ್ನ ಚೌಕಟ್ಟಿಗೆ ಅಡ್ಡ ಬರುತ್ತಿತ್ತು. ಐದು ಸಲ ಕೂಗಿದೆ, ಜರುಗಲಿಲ್ಲ. ಇವನಿಗೂ ಕೊಬ್ಬು ಬಂತು ಅಂದುಕೊಂಡೆ. ಮನೆಗೆ ಬಂದು ಎಡಿಟಿಂಗಿಗೆ ಕೂತಾಗ, ಎದುರಿನಿಂದ ತೆಗೆದ ತುಣುಕಿನಲ್ಲಿ ಇನ್ನೊಂದು ಕಂಡಿತು. ಅಡುಗೆಯವರು ಅನ್ನದ ಹಂಡೆಯನ್ನು ಮೆಟ್ಟಿಲ ಮೇಲಿಂದ ಉರುಳಿಸಿದ್ದರು. ಮದುಮಗಳು ಬೆಚ್ಚಿದ್ದಳು, ಪುರೋಹಿತರು ಮಂತ್ರ ಮರೆತಿದ್ದರು, ಹಂಡೆ ಉರುಳಿ ಬಂದ ಜಾಗಕ್ಕೆ ಬೆನ್ನು ಹಾಕಿ ಕೂತಿದ್ದ ಮಾಸ್ತಪ್ಪ ಮಾತ್ರ ಕಣ್ಣು ಸಹ ಮಿಟುಕಿಸಿರಲಿಲ್ಲ. ಹಳೇ ಮದುವೆಗಳನ್ನೆಲ್ಲ ತೆಗೆದು, ಗಂಡು ಹೆಣ್ಣನ್ನು ಬಿಟ್ಟು, ಮೂಲೆಯಲ್ಲಿದ್ದ ಈ ಒಬ್ಬನನ್ನೇ ನೋಡುತ್ತ ಕೂತೆ.

ಅವನ ಕಣ್ಣು ಅಣ್ಣನ ಮೇಲಿಂದ ಕದಲುತ್ತಲೇ ಇರಲಿಲ್ಲ. ಕೊರಳ ನರ, ಕೆನ್ನೆ, ರಂಧ್ರದ ಮೇಲೆ ಏಳುವ ಬೆರಳು. ಲಗ್ನ ಹತ್ತಿರ ಬಂದಾಗ ಮಾತ್ರ ಆ ಕಣ್ಣು ಪುರೋಹಿತರ ಕಡೆಗೆ ತಿರುಗುತ್ತಿತ್ತು. ಆಮೇಲೆ ಅವನೇ ನನಗೆ ಹೇಳಿದ. ಈ ಕಡೆಯ ಪುರೋಹಿತರೆಲ್ಲರ ಚಾಳಿಯನ್ನೂ ಅವನು ಬಾಯಿಪಾಠ ಮಾಡಿದ್ದ. ಒಬ್ಬರು ಗಟ್ಟಿಮೇಳ ಎನ್ನುವ ಮೊದಲು ಶಲ್ಯ ಸರಿ ಮಾಡಿಕೊಳ್ಳುತ್ತಾರೆ. ಒಬ್ಬರು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುತ್ತಾರೆ. ಒಬ್ಬರು ವಾಚು ನೋಡಿ, ನಂಬದೆ, ಪಕ್ಕದವರ ವಾಚನ್ನೂ ನೋಡುತ್ತಾರೆ. ಎಲ್ಲರೂ ಬಲಗೈ ಮೇಲೆತ್ತುತ್ತಾರೆ. ಕೈ ಮೇಲೆ, ತುಟಿಯಲ್ಲಿ 'ಗಟ್ಟಿ'. ಅಷ್ಟು ಕಂಡರೆ ಸಾಕು, ಕೋಲು ಬಿದ್ದಿರುತ್ತಿತ್ತು. ಕಿವಿ ನೆಟ್ಟಗಿರುವ ಎಷ್ಟೋ ಡೋಲಿನವರು ಇವನಷ್ಟು ಸರಿಯಾಗಿ ಹಿಡಿಯುವುದಿಲ್ಲ.

ನಾನು ಬಟ್ಟೆಮಲ್ಲಪ್ಪಕ್ಕೆ ಹೋಗಿ ಕೇಳಿದಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಅಣ್ಣಂಗೆ ಹೇಳ್ಬೇಡ ಮಾರಾಯ. ಒಂದ್ ದಿನನೂ ತಪ್ಪಿಲ್ಲ. ತಪ್ಪಿದ್ ದಿನ ನಾನೇ ಹೋಗ್ತೀನಿ" ಅಂದ. ಹೆಂಡತಿ ಕುಮುದಾ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

"ನಂಗೂ ಮೊದ್ಲು ತಿಳೀಲಿಲ್ಲ" ಅಂದಳು. "ಗಂಡಸ್ರು ಹೆಂಡ್ತಿ ಮಾತು ಕೇಳದಿದ್ರೆ ಕಿವುಡು ಅಂತ ಯಾರ್ ಅಂದ್ಕೊತಾರೆ? ವರ್ಷ ಆದ್ಮೇಲೆ ಗೊತ್ತಾತು."

ಶಿವಮೊಗ್ಗದ ಡಾಕ್ಟರು ನರ ಸೋತಿದೆ ಎಂದಿದ್ದರು. ನಲವತ್ತು ಚಿಲ್ಲರೆ ವರ್ಷ ಕಿವಿಯ ಬುಡದಲ್ಲಿ ಡೋಲು ಬಾರಿಸಿದರೆ ಇನ್ನೇನಾದೀತು? ಒಂದು ಯಂತ್ರ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಬಾರಿಸಿದರೆ ತಲೆಯ ಮೇಲೆ ಜಲ್ಲಿ ಸುರಿದಂತಾಗುತ್ತಿತ್ತಂತೆ. ಗೂಡಿನಲ್ಲಿ ಇಟ್ಟುಬಿಟ್ಟ. ಅಣ್ಣ ತಮ್ಮಂದಿರದು ಬೇರೆ ಬೇರೆ ಮನೆ, ಮಾತು ಮೊದಲಿನಿಂದಲೂ ಕಡಿಮೆ. ಎದುರು ನಿಂತು ಆಡಿದ ಮಾತನ್ನು ಮಾಸ್ತಪ್ಪ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಮೇಳದ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಭವ್ಯಾಳಿಗೆ ಅನುಮಾನವಿತ್ತು, ಅಮ್ಮ ಅವಳ ಬಾಯಿ ಮುಚ್ಚಿಸಿದ್ದಳು. ನಾನೂ ಸುಮ್ಮನಾದೆ. ಅವನನ್ನು ಕಂಡರೆ ನನಗೆ ಪ್ರೀತಿ. ತಪ್ಪು ಮಾಡುತ್ತಿದ್ದೇನೆಂದು ಅನ್ನಿಸಲೂ ಇಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅರಳಸುರಳಿ ಕಡೆಯ ಒಂದು ಮದುವೆ. ಹುಡುಗಿಯ ಮನೆಯವರು ಅಲ್ಲಿಯವರೇ. ಹುಡುಗಿಯ ಅಜ್ಜಿ ಕೆರಿಯಮ್ಮ ಆ ಮನೆಯ ಯಜಮಾನಿ. ಎಂಬತ್ತು ದಾಟಿದೆ, ನಡು ಬಗ್ಗಿದೆ, ಮಾತು ಬಗ್ಗಿಲ್ಲ. ಲಗ್ನ ಹನ್ನೊಂದು ನಲವತ್ತೆರಡಕ್ಕೆ. ಪುರೋಹಿತರು ಸಾಗರದ ಕಡೆಯಿಂದ ಹೊಸದಾಗಿ ಬಂದ ಯುವಕ. ಮಾಸ್ತಪ್ಪ ಅವರನ್ನು ಹಿಂದೆ ನೋಡಿರಲಿಲ್ಲ, ಅವರ ಚಾಳಿ ಅವನಿಗೆ ತಿಳಿದಿರಲಿಲ್ಲ. ಬೆಳಗಿನಿಂದ ಅವರನ್ನೇ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ.

ತಾಳಿಯ ತಟ್ಟೆ ಹಿರಿಯರ ಕೈಯೆಲ್ಲ ಮುಟ್ಟಿ ಬಂದು ಹುಡುಗನ ಮುಂದೆ ಕೂತಿತ್ತು. ಇನ್ನೂ ಸಮಯವಿತ್ತು. ಈಗಿನ ಮದುವೆಗಳಲ್ಲಿ ಎಲ್ಲವನ್ನೂ ಹತ್ತಿರದಿಂದ ತೋರಿಸಬೇಕು, ಇಲ್ಲದಿದ್ದರೆ 'ಅಣ್ಣ, ಕ್ಲೋಸಪ್ ಇಲ್ವಾ' ಎನ್ನುತ್ತಾರೆ. ನಾನು ಹುಡುಗನಿಗೆ ತಾಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಹುಡುಗಿಯ ಕೊರಳ ಹತ್ತಿರ ಹಿಡಿಯಲು ಹೇಳಿದೆ. ಹೌದು, ಹೇಳಿದವನು ನಾನೇ. ಅದೇ ಹೊತ್ತಿಗೆ ಪುರೋಹಿತರು ಹುಡುಗಿಯ ಅಪ್ಪನಿಂದ ಹಿರಿಯರ ಹೆಸರು ಹೇಳಿಸುತ್ತಿದ್ದರು. ಆತ ಗಂಟಲಲ್ಲೇ ಗೊಣಗುತ್ತಿದ್ದ. ಪುರೋಹಿತರು ಬಲಗೈ ಮೇಲೆತ್ತಿ ಹೇಳಿದರು: "ಗಟ್ಟಿ ಹೇಳಿ, ಗಟ್ಟಿ ಹೇಳಿ."

ಮಾಸ್ತಪ್ಪನ ಕೋಲು ಡೋಲಿನ ಮೇಲೆ ಬಿತ್ತು.

ಸೀತಾರಾಮಪ್ಪನಿಗೂ ಯೋಚಿಸಲು ಪುರಸೊತ್ತಿಲ್ಲ. ಡೋಲು ಎದ್ದರೆ ನಾಗಸ್ವರ ಏಳಬೇಕು, ಅದು ಮೈಗೆ ಅಂಟಿದ ಅಭ್ಯಾಸ. ನಿರಂಜನನೂ ಊದಿದ, ಭವ್ಯಾಳ ತಾಳವೂ ಸೇರಿತು. ಜನ ಎದ್ದು ನಿಂತು ಅಕ್ಷತೆ ಎರಚಿದರು. ಗಾಬರಿಬಿದ್ದ ಹುಡುಗ ಕೈಯಲ್ಲಿದ್ದ ತಾಳಿಯನ್ನು ಹುಡುಗಿಯ ಕೊರಳಿಗೆ ಹಾಕಿ ಒಂದು ಗಂಟು ಬಿಗಿದ. ಎರಡನೇ ಗಂಟಿಗೆ ಪುರೋಹಿತರು ಅವನ ಮುಂಗೈ ಹಿಡಿದುಕೊಂಡರು. ನನ್ನ ಕ್ಯಾಮೆರಾದಲ್ಲಿ ಹನ್ನೊಂದು ಇಪ್ಪತ್ತನಾಲ್ಕು. ಆ ಎಳೆಯ ಪುರೋಹಿತರಿಗೆ ಗಾಬರಿಯಲ್ಲಿ ಮನೆಯಲ್ಲಾಡುವ ಮಾತೇ ಬಂತು. "ಎಂತ ಮಾಡ್ತಾ ಇದ್ದೆ ಮಾರಾಯಾ? ಇನ್ನೂ ಹದಿನೆಂಟು ನಿಮಿಷ ಇದ್ದು" ಅಂದರು.

ಅಕ್ಷತೆ ನಿಂತಿತು. ಸೀತಾರಾಮಪ್ಪ ನಾಗಸ್ವರ ಇಳಿಸಿದ. ಕಟ್ಟಿದ ತಾಳಿಯನ್ನು ಬಿಚ್ಚುವಂತಿಲ್ಲ, ಅದಕ್ಕಿಂತ ದೊಡ್ಡ ಅಪಶಕುನ ಇನ್ನೊಂದಿಲ್ಲ. ಲಗ್ನವಿಲ್ಲದ ಹೊತ್ತಿನಲ್ಲಿ ಕಟ್ಟುವಂತೆಯೂ ಇಲ್ಲ. ಎಲ್ಲರೂ ವಾಲಗದ ಕಡೆ ಕೈ ಬೀಸಿ 'ನಿಲ್ಸಿ, ನಿಲ್ಸಿ' ಎನ್ನತೊಡಗಿದರು. ಮಾಸ್ತಪ್ಪನಿಗೆ ಆ ಕೈಗಳು ಕಂಡವು. ತಾನು ಮಾಡಿದ್ದು ಏನೆಂದು ಅವನಿಗೆ ಅರ್ಥವಾದದ್ದು ನನಗೆ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಂಡಿತು. ಮುಖ ಬೂದಿಯಾಯಿತು. ಕೋಲು ಗಾಳಿಯಲ್ಲಿ ನಿಂತಿತು.

ಆಗ ಹುಡುಗನ ಸೋದರಮಾವ ಮಂಟಪಕ್ಕೆ ನುಗ್ಗಿದ. ಹುಡುಗಿಯ ಅಪ್ಪನ ಎದುರು ಬಂದು ಬೆರಳು ತೋರಿಸಿ ಬಾಯಿ ತೆರೆದ. ಅದರೊಳಗಿಂದ ಎಂಥ ಮಾತು ಬರಲಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹುಡುಗಿಯ ಕೊರಳಲ್ಲಿ ಒಂದು ಗಂಟಿನ ತಾಳಿ ಇದೆ, ಎರಡು ಗಂಟು ಬಾಕಿ ಇದೆ. ಮಾಸ್ತಪ್ಪ ಆ ತೆರೆದ ಬಾಯಿಯನ್ನು ನೋಡಿದ, ತಾಳಿಯನ್ನು ನೋಡಿದ. ಕೋಲನ್ನು ಮತ್ತೆ ಹಾಕಿದ.

ಒಬ್ಬನೇ. ನಾಗಸ್ವರವಿಲ್ಲ, ತಾಳವಿಲ್ಲ. ಅಣ್ಣ ತಿರುಗಿ ನೋಡಿದ, ಕೈಸನ್ನೆ ಮಾಡಿದ, ಇವನು ನಿಲ್ಲಿಸಲಿಲ್ಲ. ಜನ ಕೂಗಿದರು, ಇವನು ನಿಲ್ಲಿಸಲಿಲ್ಲ. ಕಿವುಡ ಎಂಬ ಕಾರಣಕ್ಕಲ್ಲ, ಎಲ್ಲವೂ ಅವನ ಕಣ್ಣ ಮುಂದೆಯೇ ಇತ್ತು. ತನ್ನ ತಪ್ಪಿನಿಂದ ಅರ್ಧಕ್ಕೆ ನಿಂತ ತಾಳಿಗೆ ಒಂದು ಕೆಟ್ಟ ಮಾತೂ ಬೀಳಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು. ಮೊದಲು ಅರ್ಥವಾದದ್ದು ಕೆರಿಯಮ್ಮನಿಗೆ. ಆ ಮುದುಕಿ ಕೋಲೂರಿಕೊಂಡು ಮಂಟಪ ಹತ್ತಿ, ಎಲ್ಲರಿಗೂ ಕಾಣುವಂತೆ ಮೂರು ಬೆರಳು ಎತ್ತಿದಳು. ಒಂದನ್ನು ಮಡಚಿದಳು. ಉಳಿದ ಎರಡನ್ನು ಪುರೋಹಿತರ ಮುಖದ ಮುಂದೆ ಹಿಡಿದಳು. ಆಮೇಲೆ ಮಾಸ್ತಪ್ಪನ ಕಡೆ ತಿರುಗಿ, ಬಾರಿಸು ಎಂದು ಕೈ ಬೀಸಿದಳು. ಪುರೋಹಿತರ ಮುಖಕ್ಕೆ ಜೀವ ಬಂತು. ಹುಡುಗ ದಾರದ ಎರಡು ತುದಿ ಹಿಡಿದುಕೊಂಡೇ ನಿಲ್ಲಲಿ, ಮೂರು ಗಂಟೂ ಮುಗಿದರೆ ತಾನೇ ತಾಳಿ ಕಟ್ಟಿದ್ದು. ಉಳಿದದ್ದು ಲಗ್ನಕ್ಕೆ ಬೀಳಲಿ.

ಹದಿನೆಂಟು ನಿಮಿಷ ಗಟ್ಟಿಮೇಳ. ಎರಡು ನಿಮಿಷ ಬಾರಿಸಿದರೆ ಹರೆಯದವರೂ ಏದುಸಿರು ಬಿಡುವ ಬಡಿತವದು. ಸೋದರಮಾವ ಏಳು ನಿಮಿಷ ಬೈದ. ಬರೀ ಬಾಯಿ ಆಡುತ್ತಿತ್ತು, ಒಂದಕ್ಷರ ಯಾರಿಗೂ ಮುಟ್ಟಲಿಲ್ಲ. ಸುಸ್ತಾಗಿ ಕುರ್ಚಿ ಎಳೆದುಕೊಂಡು ಕೂತ, ಯಾರೋ ಪಾನಕ ಕೊಟ್ಟರು, ಕುಡಿದ. ನಾಲ್ಕನೇ ನಿಮಿಷಕ್ಕೆ ಸೀತಾರಾಮಪ್ಪ ಮತ್ತೆ ನಾಗಸ್ವರ ಎತ್ತಿದ್ದ. ಭವ್ಯಾ ಅಳುತ್ತಲೇ ತಾಳ ಹಾಕುತ್ತಿದ್ದಳು. ಹನ್ನೆರಡನೇ ನಿಮಿಷಕ್ಕೆ ಮಾಸ್ತಪ್ಪನ ಬೆರಳಿನ ಒಂದು ಟೊಪ್ಪಿ ಹಾರಿ ಅಕ್ಷತೆಯ ತಟ್ಟೆಯೊಳಗೆ ಬಿತ್ತು. ಅವನು ಬರಿಬೆರಳಲ್ಲಿ ಬಾರಿಸಿದ. ಹದಿನಾಲ್ಕಕ್ಕೆ ಇನ್ನೊಂದು ಒಡೆಯಿತು. ಡೋಲಿನ ಬಿಳಿ ಚರ್ಮದ ಮೇಲೆ ಕೆಂಪು ಕಾಣತೊಡಗಿತು. ನನಗೆ ಕ್ಯಾಮೆರಾ ಕೆಳಗಿಟ್ಟು ಹೋಗಿ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು. ಹೋಗಲಿಲ್ಲ, ಏಕೆಂದರೆ ಅವನು ನಿಲ್ಲಿಸುವುದು ನನಗೂ ಬೇಕಿರಲಿಲ್ಲ. ಹನ್ನೊಂದು ನಲವತ್ತೆರಡಕ್ಕೆ ಪುರೋಹಿತರು ಕೈ ಎತ್ತಿದರು. ಎರಡನೇ ಗಂಟು ಬಿತ್ತು, ಮೂರನೇ ಗಂಟು ಬಿತ್ತು. ಡೋಲು ನಿಂತಿತು.

ಸೋದರಮಾವ ಎದ್ದು ಬಂದ. ಸಿಟ್ಟಿನ ಕಾವು ಇಳಿದಿತ್ತು, ಮರ್ಯಾದೆಗಾಗಿ ಕೇಳಲೇಬೇಕಿತ್ತು. "ಯಾರು ಮೊದ್ಲು ಹೊಡ್ದಿದ್ದು?" ಅಂದ.

ಪುರೋಹಿತರು ಒಳ್ಳೆಯವರು. "ನಾ ಹೇಳಿದ್ದೇ ಹಾಂಗಿತ್ತು, ತಪ್ಪು ನಂದೇ" ಎಂದು ಮುಂದೆ ಬಂದರು. ಮಾಸ್ತಪ್ಪ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅವನು ಪುರೋಹಿತರ ತುಟಿ ನೋಡಿದ. ಇನ್ನೊಬ್ಬರು ತನ್ನ ತಪ್ಪು ಹೊರುತ್ತಿದ್ದಾರೆಂದು ತಿಳಿಯಿತು. ಎದ್ದು ಕೈಮುಗಿದ.

"ಅವ್ರದ್ದಲ್ಲ, ನಂದು. ನಂಗೆ ಕಿವಿ ಕೇಳಲ್ಲ. ಅವ್ರು ಕೈ ಎತ್ತಿದ್ದು ಕಂಡ್ತು, 'ಗಟ್ಟಿ' ಅಂದಿದ್ದು ಕಂಡ್ತು. ಹೊಡ್ದೆ."

ನಾನೂ ಬಾಯಿ ಬಿಟ್ಟೆ. ತಾಳಿಯನ್ನು ಹುಡುಗನ ಕೈಗೆ ಎತ್ತಿಸಿದ್ದು ನಾನು ಎಂದೆ. ನನ್ನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಮಾಸ್ತಪ್ಪನ ಮುಗಿದ ಕೈಗಳನ್ನು ನೋಡುತ್ತಿದ್ದರು. ಕೆರಿಯಮ್ಮ ಸೋದರಮಾವನಿಗೆ ಹೇಳಿದಳು: "ನಮ್ ಹುಡ್ಗಿ ತಾಳಿಗೆ ಒಂದ್ ಕೆಟ್ ಮಾತು ಬಿದ್ದಿಲ್ಲ. ಬಿದ್ದಿದ್ದು ಡೋಲಿನ ಸದ್ದೊಂದೇ. ಇಷ್ಟು ಹೊತ್ತು ಮಂಗಳವಾದ್ಯ ಯಾವ್ ತಾಳಿಗೆ ಆಗಿದೆ, ನೀನೇ ಹೇಳು. ಏಳು, ಊಟಕ್ಕೆ ಹೊತ್ತಾತು."

ಬೀಗರ ಕಡೆಯ ಕೆಲಸ ಅಲ್ಲಿಗೆ ಮುಗಿಯಿತು. ಅಣ್ಣ ತಮ್ಮಂದಿರದು ಬಾಕಿ ಇತ್ತು.

ಸೀತಾರಾಮಪ್ಪ ಊಟಕ್ಕೆ ಹೋಗಲಿಲ್ಲ. ಛತ್ರದ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಹೋಗಿ ಕೂತ. ಮಾಸ್ತಪ್ಪ ಡೋಲು ಹೊತ್ತು ಹಿಂದೆಯೇ ಹೋದ. ಭವ್ಯಾ ಅಪ್ಪನ ಬೆರಳಿಗೆ ಬಟ್ಟೆ ಸುತ್ತಿದಳು. ನಿರಂಜನ ಒಂದು ಕಡೆ ನಿಂತ, ನಾನು ಒಂದು ಕಡೆ. ಮಾಸ್ತಪ್ಪ ಡೋಲನ್ನು ಅಣ್ಣನ ಕಾಲ ಹತ್ತಿರ ಇಟ್ಟು, "ಬಸ್ಸಿಗೆ ಹೋಗ್ತೀನಿ ಅಣ್ಣ" ಅಂದ.

ಸೀತಾರಾಮಪ್ಪ ಬಯ್ಯುತ್ತಾನೆ ಎಂದು ನಾನು ಕಾದೆ. ಅವನು ಗಟ್ಟಿಮೇಳದ ಮಾತೇ ಎತ್ತಲಿಲ್ಲ. "ಎಷ್ಟ್ ದಿನ ಆತು?" ಎಂದ. ಮಾಸ್ತಪ್ಪ ಆರು ಬೆರಳು ತೋರಿಸಿ, "ವರ್ಷ" ಅಂದ. ಸೀತಾರಾಮಪ್ಪನ ಮುಖ ನೋಡಲಾಗಲಿಲ್ಲ.

"ಆರು ವರ್ಷ ನಾನ್ ಊದಿದ್ದು ನಿಂಗೆ ಕೇಳ್ಲೇ ಇಲ್ವಾ?" ಅಂದ. "ಪ್ರತಿ ಮದ್ವೆ ಆದ್ಮೇಲೂ ನಿನ್ನ ಕೇಳ್ತಿದ್ದೆ, ಹೆಂಗಿತ್ತೋ ಇವತ್ತು ಅಂತ. ಭೇಷಿತ್ತು ಅಣ್ಣ ಅಂತಿದ್ದೆ. ಊರವ್ರು ಹೇಳಿದ್ ನಾನ್ ನಂಬಲ್ಲ, ನೀನ್ ಹೇಳಿದ್ ನಂಬ್ತಿದ್ದೆ. ಎಲ್ಲ ಸುಳ್ಳಾ?"

"ಸುಳ್ಳಲ್ಲ. ಕಂಡಿದ್ದೇ ಹೇಳಿದ್ದು" ಅಂದ ಮಾಸ್ತಪ್ಪ.

ಸೀತಾರಾಮಪ್ಪ ನಂಬಲಿಲ್ಲ. ತಮ್ಮನಿಗೆ ಬೆನ್ನು ಹಾಕಿ ನಾಗಸ್ವರ ಎತ್ತಿಕೊಂಡ. ನಾಗಸ್ವರದ ತುದಿಯಲ್ಲಿ ಬಾಯಿಗೆ ಇಟ್ಟುಕೊಳ್ಳುವ ಪುಟ್ಟ ಓಲೆ ಇರುತ್ತದೆ. ಸದ್ದು ಹುಟ್ಟುವುದು ಅದರಿಂದ. ಅವನು ಅದನ್ನು ಕಿತ್ತು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನನಗೆ ಪಕ್ಕದಿಂದ ಕಂಡಿತು. ನಿರಂಜನ ಏನೋ ಹೇಳಹೋದ. ಅಪ್ಪ ಕಣ್ಣಲ್ಲೇ ಗದರಿಸಿದ. ತಮ್ಮನ ಕಡೆ ತಿರುಗಿ ಕೂತು, ಖಾಲಿ ಕೊಳವೆಗೆ ತುಟಿ ಕೊಟ್ಟು, ಕೆನ್ನೆ ಉಬ್ಬಿಸಿ, ಬೆರಳು ಆಡಿಸತೊಡಗಿದ. ಒಂದು ಸ್ವರವೂ ಇಲ್ಲ. ಮಾಸ್ತಪ್ಪ ಒಂದು ಗಳಿಗೆ ನೋಡಿದ. ಡೋಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಸುತ್ತಿದ ಬೆರಳಲ್ಲಿ ಮೆಲ್ಲಗೆ ಬಾರಿಸತೊಡಗಿದ.

ಅಂಥದ್ದನ್ನು ನಾನು ಮತ್ತೆ ನೋಡುವುದಿಲ್ಲ. ಅಣ್ಣ ನಿಧಾನ ಮಾಡಿದರೆ ಡೋಲು ನಿಧಾನ. ಅಣ್ಣನ ಬೆರಳು ಹೊರಳಿದ ಕಡೆ ಡೋಲು ಹೊರಳುತ್ತಿತ್ತು. ಅವನು ಉಸಿರು ತೆಗೆದುಕೊಂಡ ಕಡೆ ಅಷ್ಟೇ ಅಳತೆಯ ಜಾಗ ಬಿಟ್ಟು ಕಾಯುತ್ತಿತ್ತು. ಇಲ್ಲದ ರಾಗ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬರೀ ಡೋಲು ಕೇಳಿ ನನಗೂ ತಿಳಿಯುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ನಲ್ಲಿ ನಿಲ್ಲಿಸಿದರು. ಅಣ್ಣ ಬೇಕೆಂದೇ ಒಂದು ಕಡೆ ಅರ್ಧಕ್ಕೆ ತಡೆದು ಕೊನೆಯ ಬೆರಳು ಎತ್ತಿದ. ಡೋಲು ಅಲ್ಲೇ, ಆ ಬೆರಳಿನ ಜೊತೆಗೇ ನಿಂತಿತು. ಸೀತಾರಾಮಪ್ಪ ನಾಗಸ್ವರ ಇಳಿಸಿ ತಮ್ಮನ ಮುಖ ನೋಡಿದ.

"ಓಲೆ ಹಾಕ್ಕೊಂಡು ಊದು ಅಣ್ಣ" ಅಂದ ಮಾಸ್ತಪ್ಪ. "ಓಲೆ ಇಲ್ದೆ ಊದಿದ್ರೆ ಬೇರೆಯವ್ರಿಗೆ ಕೇಳಲ್ಲ."

ಸೀತಾರಾಮಪ್ಪ ಸೊಂಟದಿಂದ ಓಲೆ ತೆಗೆದ. ಅದನ್ನು ನಾಗಸ್ವರಕ್ಕೆ ಮತ್ತೆ ಸಿಕ್ಕಿಸಲು ಎರಡು ಸಲ ನೋಡಿದ, ಆಗಲಿಲ್ಲ. ಕೊನೆಗೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಭವ್ಯಾಳನ್ನು ಕರೆದ. ತಮ್ಮನಿಗೂ ತನ್ನ ತುಟಿ ಕಾಣುವಂತೆ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಭಾನುವಾರದ ಮದ್ವೆಯಿಂದ ನೀನು ನಿಮ್ಮಪ್ಪನ ಹಿಂದೆ ಕೂತ್ಕ. ಭಟ್ರು ಗಟ್ಟಿಮೇಳ ಅಂದ್ ತಕ್ಷಣ ಬೆನ್ನು ಮುಟ್ಟು."